‘ನಾರ್ಮಲ್ ಮೇಡಂ’ ಅಂದ್ರೆ ಎಷ್ಟು ಲೀಟರ್?

ನಿಮ್ಮ ಕಾರಿನ ಜೊತೆ ಬಂದ ಮ್ಯಾನ್ಯುಯಲ್ ಡ್ಯಾಶ್‌ಬೋರ್ಡಿನ ಡಬ್ಬಿಯಲ್ಲಿ, ಬಹುಶಃ ಪ್ಲಾಸ್ಟಿಕ್ ಕವರ್ ಸಮೇತ, ಹಾಗೇ ಇರುತ್ತೆ. ಒಂದ್ಸಲ ತೆಗೆದು ಇಂಜಿನ್ ಆಯಿಲ್ ಪುಟ ಓದಿ ನೋಡಿ. ಇಂಜಿನ್ ಓಡುವಾಗ ಸ್ವಲ್ಪ ಆಯಿಲ್ ಖರ್ಚಾಗುವುದು ಸಹಜ ಅಂತ ಬಹಳಷ್ಟು ಕಂಪನಿಗಳ ಪುಸ್ತಕದಲ್ಲಿ ಒಂದು ಸಾಲು ಸಿಗುತ್ತೆ. ಕೆಲವು ಪುಸ್ತಕಗಳು ಅಂಕಿಯನ್ನೂ ಕೊಡುತ್ತವೆ. ಒಂದರಲ್ಲಿ 1000 ಕಿಲೋಮೀಟರಿಗೆ ಅರ್ಧ ಲೀಟರ್ ಅಂತಿದ್ದರೆ, ಇನ್ನೊಂದರಲ್ಲಿ ಒಂದು ಲೀಟರ್‌ವರೆಗೂ ಅಂತಿರುತ್ತೆ.

ಈಗ ಅದೇ ಪುಸ್ತಕದ ಸರ್ವಿಸ್ ಪುಟಕ್ಕೆ ಬನ್ನಿ. ಆಯಿಲ್ ಬದಲಾಯಿಸಬೇಕಾದ್ದು 10,000 ಕಿಲೋಮೀಟರಿಗೆ ಅಥವಾ ವರ್ಷಕ್ಕೊಮ್ಮೆ. ಸಣ್ಣ ಕಾರಿನ ಇಂಜಿನ್ ಹಿಡಿಯುವ ಆಯಿಲ್ ಮೂರರಿಂದ ನಾಲ್ಕು ಲೀಟರ್. ಸಾವಿರಕ್ಕೆ ಒಂದು ಲೀಟರ್ ಲೆಕ್ಕ ಹಿಡಿದರೆ ಒಂದು ಸರ್ವಿಸ್‌ನಿಂದ ಇನ್ನೊಂದು ಸರ್ವಿಸ್‌ಗೆ ಹತ್ತು ಲೀಟರ್ ಬೇಕು! ಇಂಜಿನ್ ಒಳಗಿರುವುದೇ ಮೂರೂವರೆ. ಉಳಿದದ್ದನ್ನು ಯಾರು, ಯಾವಾಗ, ಎಲ್ಲಿ ಹಾಕಬೇಕು ಅಂತ ಕಾರು ಕೊಡುವ ದಿನ ಹೂವಿನ ಹಾರ, ಕೇಕು, ಫೋಟೋಗಳ ನಡುವೆ ಯಾರಾದರೂ ಹೇಳಿದ್ದು ನೆನಪಿದೆಯಾ? ಎರಡೂ ಪುಟಗಳನ್ನು ಬರೆದವರು ಒಬ್ಬರಿಗೊಬ್ಬರು ಭೇಟಿಯಾದ ಹಾಗೆ ಕಾಣಲ್ಲ.

ನನ್ನ ಕಾರಿನ ವಿಷಯದಲ್ಲಿ ಈ ಎರಡು ಪುಟಗಳ ನಡುವಿನ ಅಂತರದ ಬೆಲೆ 1,38,000 ರೂಪಾಯಿ. ಆ ದುಡ್ಡು ಕೊನೆಗೆ ನನ್ನ ಜೇಬಿನಿಂದ ಹೋಗಲಿಲ್ಲ. ಹೋಗದೇ ಇರೋಕೆ ಕಾರಣವಾದ ಒಂದೆರಡು ಕೆಲಸಗಳನ್ನು ನೀವೂ ಮಾಡಬಹುದು, ಅದಕ್ಕೇ ಈ ಬರಹ.

ಅಪ್ಪನ ಕಡ್ಡಿ

2023ರ ಜನವರಿಯಲ್ಲಿ ಕೊಂಡ ಸಣ್ಣ ಟರ್ಬೊ ಪೆಟ್ರೋಲ್ ಎಸ್‌ಯುವಿ ನಮ್ಮದು. ವಾರಂಟಿ ಮೂರು ವರ್ಷ. ವಾರದಲ್ಲಿ ಮೂರು ದಿನ ಬನಶಂಕರಿಯಿಂದ ಮಾರತಹಳ್ಳಿ ಆಫೀಸು, ತಿಂಗಳಿಗೆ ಒಂದೋ ಎರಡೋ ಸಲ ತಿಪಟೂರಿನ ಅಪ್ಪ-ಅಮ್ಮನ ಮನೆ. ಎಲ್ಲ ಸರ್ವಿಸೂ ಶೋರೂಮಿನಲ್ಲೇ, ದಿನಾಂಕ ತಪ್ಪದಂತೆ.

ಅಪ್ಪ ಕೆಎಸ್‌ಆರ್‌ಟಿಸಿ ಡಿಪೋದಲ್ಲಿ ಮೆಕ್ಯಾನಿಕ್ ಆಗಿ ರಿಟೈರ್ ಆದವರು. ಬೆಳಿಗ್ಗೆ ಬಸ್ಸು ಡಿಪೋ ಬಿಡೋ ಮುಂಚೆ ಆಯಿಲ್ಲು, ನೀರು, ಗಾಳಿ ನೋಡೋದು ಮೂವತ್ತು ವರ್ಷದ ಅಭ್ಯಾಸ. ರಿಟೈರ್ ಆದ ಮೇಲೆ ಬಸ್ಸಿಲ್ಲ, ಹಾಗಾಗಿ ಮನೆ ಮುಂದೆ ಯಾರ ಗಾಡಿ ನಿಂತರೂ ಬಾನೆಟ್ ಎತ್ತುತ್ತಾರೆ. 2025ರ ಜುಲೈನಲ್ಲಿ ನಮ್ಮ ಕಾರಿನ ಆಯಿಲ್ ಕಡ್ಡಿ ಎಳೆದು, ಬಟ್ಟೇಲಿ ಒರೆಸಿ, ಮತ್ತೆ ಹಾಕಿ ತೆಗೆದರು. ತುದಿಯಲ್ಲಿ ಒಂದು ಹನಿ. ಕೆಳಗಿನ ಗುರುತು ಅದರಿಂದ ಎಷ್ಟೋ ಮೇಲಿತ್ತು.

“ಪುಟ್ಟೀ, ಯಾವಾಗ ಆಯಿಲ್ ಚೇಂಜ್ ಮಾಡಿದ್ದು ಇವ್ರು?”

“ಫೆಬ್ರವರೀಲಪ್ಪ. ಬಿಲ್ ಇದೆ.”

“ಲೀಕ್ ಇಲ್ಲ. ಕೆಳಗೆ ಒಣಕಲು. ಕುಡೀತಿದೆ ಇದು.”

ಪೇಟೆಗೆ ಹೋಗಿ ಮ್ಯಾನ್ಯುಯಲ್ಲಿನಲ್ಲಿ ಬರೆದ ಗ್ರೇಡಿನ ಆಯಿಲ್ಲೇ ತಂದು ಸ್ವಲ್ಪ ಸ್ವಲ್ಪವಾಗಿ ಹಾಕಿದೆವು. ಮೇಲಿನ ಗುರುತು ಮುಟ್ಟೋಕೆ ಹಿಡಿದದ್ದು 1.6 ಲೀಟರ್. ಸರ್ವಿಸ್ ಆಗಿ ಓಡಿದ್ದು 4600 ಕಿಲೋಮೀಟರ್. ಅಂದರೆ ಸಾವಿರಕ್ಕೆ ಸುಮಾರು 350 ಎಂಎಲ್. ಮೂರೂವರೆ ಲೀಟರ್ ಇರಬೇಕಾದ ಇಂಜಿನ್ ಎರಡು ಲೀಟರಿಗೂ ಕಡಿಮೆ ಆಯಿಲ್ಲಿನಲ್ಲಿ ತಿಪಟೂರಿಗೆ ಬಂದಿತ್ತು. ಡ್ಯಾಶ್‌ಬೋರ್ಡಿನಲ್ಲಿ ಒಂದು ದೀಪವೂ ಹತ್ತಿರಲಿಲ್ಲ, ಹೊಗೆ ಇರಲಿಲ್ಲ, ಪಿಕಪ್ ಕಡಿಮೆಯಾಗಿರಲಿಲ್ಲ.

ದೀಪದ ಬಗ್ಗೆ ಇಲ್ಲೇ ಹೇಳಿಬಿಡ್ತೀನಿ, ಯಾಕೆಂದರೆ ನನ್ನ ಟೀಮಿನ ಹನ್ನೊಂದು ಜನರಲ್ಲಿ ಕೇಳಿದಾಗ ಒಂಬತ್ತು ಜನ ಒಂದೇ ಉತ್ತರ ಕೊಟ್ಟರು: “ಆಯಿಲ್ ಕಮ್ಮಿ ಆದ್ರೆ ಲೈಟ್ ಬರುತ್ತಲ್ಲ.” ಹಳೇ ಕಾಲದ ಎಣ್ಣೆಡಬ್ಬಿ ಥರ ಕಾಣುವ ಆ ಕೆಂಪು ದೀಪ ಹೇಳೋದು ಆಯಿಲ್ ಒತ್ತಡದ ಬಗ್ಗೆ. ಆಯಿಲ್ ಎಷ್ಟಿದೆ ಅಂತ ಅಳೆಯೋ ಸೆನ್ಸರ್ ಬೇರೆ, ಅದು ನಮ್ಮಲ್ಲಿನ ಸಣ್ಣ ಕಾರುಗಳಲ್ಲಿ ಸಾಮಾನ್ಯವಾಗಿ ಇರಲ್ಲ. ತಳದ ತೊಟ್ಟಿಯಲ್ಲಿ ಆಯಿಲ್ ಎಷ್ಟೇ ಕಡಿಮೆಯಿದ್ದರೂ ಪಂಪಿನ ಬಾಯಿ ಮುಳುಗಿರುವವರೆಗೂ ಒತ್ತಡ ಸರಿಯಾಗೇ ಇರುತ್ತೆ, ದೀಪ ಹತ್ತಲ್ಲ. ಪಂಪ್ ಗಾಳಿ ಎಳೆಯೋಕೆ ಶುರುವಾದಾಗ ದೀಪ ಹತ್ತುತ್ತೆ, ಆಗ ಬೇರಿಂಗುಗಳು ಒಣಗೋಕೂ ಶುರುವಾಗಿರುತ್ತೆ. ಶಿರಾಡಿ, ಚಾರ್ಮಾಡಿ ಘಾಟಿಯ ತಿರುವುಗಳಲ್ಲಿ ಆಯಿಲ್ ಒಂದು ಪಕ್ಕಕ್ಕೆ ವಾಲಿ ಆ ದೀಪ ಕ್ಷಣ ಮಿನುಗಿ ಆರಿದರೆ ‘ಏನೋ ವೈರಿಂಗ್ ಇರ್ಬೇಕು’ ಅಂತ ಮುಂದೆ ಹೋಗಬೇಡಿ. ನಿಲ್ಲಿಸಿ, ಕಡ್ಡಿ ನೋಡಿ. ಚಲಿಸುವಾಗ ಹತ್ತಿದ ದೀಪ ಆರದೇ ಉಳಿದರೆ ಇಂಜಿನ್ ಆಫ್ ಮಾಡಿ ಟೋ ಮಾಡಿಸೋದೇ ಸರಿ. ‘ಇನ್ನೇನು ಎರಡು ಕಿಲೋಮೀಟರ್’ ಅನ್ನೋ ಲೆಕ್ಕದಲ್ಲಿ ಎಷ್ಟೋ ಇಂಜಿನ್‌ಗಳು ಹೋಗಿವೆ.

ಹೋಗೋದೆಲ್ಲಿಗೆ?

ನಾನು ಓದಿದ್ದು ಎಲೆಕ್ಟ್ರಾನಿಕ್ಸ್. ಆದರೆ ಮೊದಲ ವರ್ಷ ಎಲ್ಲರೂ ಓದಲೇಬೇಕಾದ ಮೆಕ್ಯಾನಿಕಲ್ ವಿಷಯ ಇತ್ತಲ್ಲ, ನಾಲ್ಕು ಸ್ಟ್ರೋಕಿನ ಚಿತ್ರ ಬಿಡಿಸಿ ಪಾಸಾಗಿ ಮರೆತುಬಿಡ್ತೀವಲ್ಲ, ಅಷ್ಟು ಸಾಕು ಇದಕ್ಕೆ.

ಪಿಸ್ಟನ್ ಸುತ್ತ ಸಾಮಾನ್ಯವಾಗಿ ಮೂರು ರಿಂಗ್. ಮೇಲಿನ ಎರಡರ ಮುಖ್ಯ ಕೆಲಸ ಬೆಂಕಿಯ ಒತ್ತಡ ಕೆಳಗಿಳಿಯದಂತೆ ತಡೆಯೋದು. ಮೂರನೆಯದು ಆಯಿಲ್ ರಿಂಗ್. ಸಿಲಿಂಡರ್ ಗೋಡೆ ಮೇಲಿನ ಆಯಿಲ್ಲನ್ನು ಬಳಿದು ಕೆಳಗೆ ಕಳಿಸೋದು ಇದರ ಕೆಲಸ. ದೋಸೆ ಹಂಚಿಗೆ ಎಣ್ಣೆ ಸವರಿದ ಮೇಲೆ ಒಂದು ತೆಳು ಪೊರೆ ಉಳಿಯುತ್ತಲ್ಲ, ಹಾಗೆ ಗೋಡೆ ಮೇಲೂ ಒಂದು ಪೊರೆ ಉಳಿಯಲೇಬೇಕು, ಇಲ್ಲದಿದ್ದರೆ ಲೋಹ ಲೋಹ ಉಜ್ಜಿಕೊಳ್ಳುತ್ತೆ. ಆ ಪೊರೆಯಲ್ಲಿ ಸ್ವಲ್ಪ ಪೆಟ್ರೋಲ್ ಜೊತೆ ಸುಡುತ್ತೆ. ಹಾಗಾಗಿ ಒಂದು ಹನಿಯೂ ಸುಡದ ಇಂಜಿನ್ ಇಲ್ಲ. ಶೋರೂಮಿನವರು ‘ನಾರ್ಮಲ್’ ಅಂದಾಗ ಅಷ್ಟರ ಮಟ್ಟಿಗೆ ಅವರ ಮಾತು ನಿಜ.

ಹೊಸ ಕಾರುಗಳಲ್ಲಿ ಯಾಕೆ ಹೆಚ್ಚಾಗುತ್ತೆ? ಮೈಲೇಜ್‌ಗಾಗಿ ಮತ್ತು ಹೊಗೆ ನಿಯಮಗಳಿಗಾಗಿ ಕಂಪನಿಗಳು ಇಂಜಿನ್ ಒಳಗಿನ ಘರ್ಷಣೆಯನ್ನು ಹನಿಹನಿಯಾಗಿ ಕಡಿಮೆ ಮಾಡುತ್ತಾ ಬಂದಿವೆ. ರಿಂಗುಗಳು ತೆಳ್ಳಗಾದವು, ಗೋಡೆಗೆ ಒತ್ತಿ ಹಿಡಿಯುವ ಬಿಗಿ ಕಡಿಮೆಯಾಯಿತು. ಆಯಿಲ್ಲೂ ತೆಳ್ಳಗಾಯಿತು, ಅಪ್ಪನ ಕಾಲದ 20ಡಬ್ಲ್ಯು-40 ಹೋಗಿ ಈಗ 5ಡಬ್ಲ್ಯು-30, 0ಡಬ್ಲ್ಯು-20. ಸಣ್ಣ ಇಂಜಿನ್‌ಗೆ ಟರ್ಬೊ ಕೂಡಿಸಿ ದೊಡ್ಡ ಇಂಜಿನ್ನಿನ ಕೆಲಸ ತೆಗೆದದ್ದರಿಂದ ಬಿಸಿ ಹೆಚ್ಚಿತು. ಇವೆಲ್ಲ ಸರಿಯಾಗಿ ಕೂಡಿ ಬಂದರೆ ತೊಂದರೆಯಿಲ್ಲ. ಎಲ್ಲೋ ಒಂದು ಕಡೆ ಲೆಕ್ಕ ತಪ್ಪಿದರೆ, ಆಯಿಲ್ ರಿಂಗಿನ ಹಿಂದೆ ಆಯಿಲ್ ವಾಪಸ್ ಹರಿಯೋಕೆ ಇರುವ ಸಣ್ಣ ತೂತುಗಳು ಕಾರ್ಬನ್ ಕಟ್ಟಿ ಮುಚ್ಚಿಹೋಗುತ್ತವೆ. ರಿಂಗ್ ತನ್ನ ಗಾಡಿಯಲ್ಲೇ ಅಂಟಿಕೊಳ್ಳುತ್ತೆ. ಅಂಟಿದ ರಿಂಗ್ ಬಳಿಯಲ್ಲ. ಬಳಿಯದ ಆಯಿಲ್ ಸುಟ್ಟು ಇನ್ನಷ್ಟು ಕಾರ್ಬನ್ ಆಗುತ್ತೆ. ನಮ್ಮ ಭಾಷೇಲಿ ಹೇಳೋದಾದರೆ ಇನ್ಫೈನೈಟ್ ಲೂಪ್.

ಇದು ನಾನು ಕಟ್ಟಿದ ಕಥೆಯಲ್ಲ. ಅಮೆರಿಕದಲ್ಲಿ ಟೊಯೋಟಾದ 2.4 ಲೀಟರ್ ಇಂಜಿನ್, ಅಂದರೆ 2007ರ ನಂತರದ ಕೆಲವು ವರ್ಷಗಳ ಕ್ಯಾಮ್ರಿಗಳಲ್ಲಿ ಇದ್ದದ್ದು, ಆಯಿಲ್ ಕುಡಿಯುತ್ತೆ ಅಂತ ದೊಡ್ಡ ಗಲಾಟೆಯಾಗಿ, ಕಂಪನಿ ವಾರಂಟಿ ವಿಸ್ತರಿಸಿ ಪಿಸ್ಟನ್, ರಿಂಗ್ ಬದಲಾಯಿಸಿಕೊಡಬೇಕಾಯಿತು. ಅಲ್ಲಿ ಇಟ್ಟ ಮಿತಿ 1200 ಮೈಲಿಗೆ ಒಂದು ಕ್ವಾರ್ಟ್. ನಮ್ಮ ಅಳತೆಯಲ್ಲಿ ಸಾವಿರ ಕಿಲೋಮೀಟರಿಗೆ ಅರ್ಧ ಲೀಟರ್. ಸುಬಾರು ಕಂಪನಿ 2011ರಿಂದ 2014ರ ನಡುವಿನ ಹಲವು ಮಾಡೆಲ್‌ಗಳ ಬಗ್ಗೆ ಹೂಡಿದ್ದ ಮೊಕದ್ದಮೆಯಲ್ಲಿ ರಾಜಿಯಾಗಿ, ಆ ಇಂಜಿನ್‌ಗಳ ವಾರಂಟಿಯನ್ನು 8 ವರ್ಷ ಅಥವಾ 1 ಲಕ್ಷ ಮೈಲಿಗೆ ಏರಿಸಿತು. ಆಡಿಯ 2.0 ಲೀಟರ್ ಟರ್ಬೊ ಇಂಜಿನ್ನಿಗೂ ಇದೇ ಗತಿ ಬಂದಿತ್ತು. ಮೂರೂ ಕಡೆ ಗ್ರಾಹಕರಿಗೆ ಮೊದಲು ಸಿಕ್ಕ ಉತ್ತರ ಒಂದೇ ರೀತಿಯದ್ದು: ಇದು ಮಿತಿಯೊಳಗಿದೆ. ಮಿತಿ ಬದಲಾದದ್ದು ಸಾವಿರಾರು ಜನ ಅಳೆದು, ಬರೆದಿಟ್ಟು, ಒಟ್ಟಿಗೆ ಕೇಳಿದ ಮೇಲೆ.

ರಿಂಗ್ ಒಂದೇ ಅಪರಾಧಿ ಅಂತಲೂ ಅಲ್ಲ. ಇಂಜಿನ್ ತಳದಲ್ಲಿ ಏಳುವ ಆವಿಯನ್ನು ಮತ್ತೆ ಗಾಳಿಯ ದಾರಿಗೆ ಬಿಡುವ ಪಿಸಿವಿ ವಾಲ್ವ್ ಅಂತ ಒಂದಿದೆ. ಅದು ತೆರೆದೇ ಕೂತರೆ ಆಯಿಲ್ ಮಂಜನ್ನೂ ಎಳೆದುಕೊಂಡು ಸುಡುತ್ತೆ. ಅಗ್ಗದ ರಿಪೇರಿ, ಅದನ್ನೇ ಮೊದಲು ನೋಡಿಸಬೇಕು. ವಾಲ್ವ್ ಸೀಲ್ ಹೋಗಿದ್ದರೆ ರಾತ್ರಿಯಿಡೀ ನಿಂತ ಗಾಡಿ ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ನೀಲಿ ಹೊಗೆ ಒಂದು ಸಲ ಬುಸ್ ಅನ್ನುತ್ತೆ. ಟರ್ಬೊ ಸೀಲ್ ಹೋದರೆ ಇಂಟರ್‌ಕೂಲರ್ ಪೈಪಿನಲ್ಲಿ ಆಯಿಲ್ ಸಿಗುತ್ತೆ. ಸರ್ವಿಸ್‌ನವರೇ ಮೇಲಿನ ಗುರುತು ದಾಟಿ ಸುರಿದಿದ್ದರೂ ನೊರೆ ಎದ್ದು ಹೆಚ್ಚು ಸುಡುತ್ತೆ, ಇದು ನೀವು ಅಂದುಕೊಂಡದ್ದಕ್ಕಿಂತ ಸಾಮಾನ್ಯ.

ಹೊಗೆ ಕಾಣಲಿಲ್ಲ ಅಂತ ನಿರಾಳ ಆಗಬೇಡಿ. ಈ ಪ್ರಮಾಣದ ಆಯಿಲ್ಲನ್ನು ಸೈಲೆನ್ಸರಿಗೆ ಮುಂಚೆ ಇರುವ ಕ್ಯಾಟಲಿಟಿಕ್ ಕನ್ವರ್ಟರ್ ಬಹುಮಟ್ಟಿಗೆ ಸುಟ್ಟುಹಾಕುತ್ತೆ. ಆದರೆ ಆಯಿಲ್ಲಿನ ರಂಜಕ, ಸತು ಅದರೊಳಗೆ ಕೂತು ಕ್ರಮೇಣ ಅದನ್ನೇ ಸಾಯಿಸುತ್ತೆ. ಆಮೇಲೆ ಎಮಿಷನ್ ಟೆಸ್ಟ್ ಫೇಲ್, ಮತ್ತೊಂದು ದೊಡ್ಡ ಬಿಲ್.

ಕಿಲೋಮೀಟರ್ ಸುಳ್ಳು ಹೇಳುತ್ತೆ

ನಮ್ಮ ಕಾರಿನ ಟ್ರಿಪ್ ಮೀಟರ್ ಆಫೀಸ್ ದಿನಗಳಲ್ಲಿ ತೋರಿಸೋ ಸರಾಸರಿ ವೇಗ ಗಂಟೆಗೆ 18 ಕಿಲೋಮೀಟರ್. ಸಿಲ್ಕ್ ಬೋರ್ಡ್ ಕೃಪೆ. 20 ಅಂತಲೇ ಇಟ್ಟುಕೊಳ್ಳಿ: 10,000 ಕಿಲೋಮೀಟರ್ ಓಡೋಕೆ ಇಂಜಿನ್ 500 ಗಂಟೆ ತಿರುಗಿರುತ್ತೆ. ಹೈವೇಯಲ್ಲಿ 60ರ ಸರಾಸರಿಯಲ್ಲಿ ಅದೇ ದೂರಕ್ಕೆ 167 ಗಂಟೆ. ಓಡೋಮೀಟರ್ ಪ್ರಕಾರ ಎರಡೂ ಒಂದೇ. ಇಂಜಿನ್ ಪ್ರಕಾರ ಬೆಂಗಳೂರಿನ ಕಾರಿಗೆ ಮೂರು ಪಟ್ಟು ವಯಸ್ಸು. ಅದಕ್ಕೇ ಮ್ಯಾನ್ಯುಯಲ್‌ಗಳ ಕೊನೆಯಲ್ಲಿ, ಸಣ್ಣ ಅಕ್ಷರದಲ್ಲಿ, ‘ಕಠಿಣ ಬಳಕೆ’ ಅಂತ ಒಂದು ಪಟ್ಟಿ ಇರುತ್ತೆ. ನಿಂತು ನಿಂತು ಹೋಗುವ ಟ್ರಾಫಿಕ್, ಧೂಳು, ಪದೇ ಪದೇ ಸಣ್ಣ ದೂರ, ಇವಿದ್ದರೆ ಆಯಿಲ್ಲನ್ನು ಬೇಗ, ಎಷ್ಟೋ ಪುಸ್ತಕಗಳ ಪ್ರಕಾರ ಅರ್ಧ ಅವಧಿಗೇ, ಬದಲಾಯಿಸಿ ಅಂತ. ಬೆಂಗಳೂರಿನಲ್ಲಿ ‘ಕಠಿಣ’ ಅಲ್ಲದ ಬಳಕೆ ಯಾವುದು ಅಂತ ನನಗಿನ್ನೂ ಗೊತ್ತಾಗಿಲ್ಲ.

ಅಳೆಯೋದು ಹೇಗೆ

ತಿಪಟೂರಿಂದ ಬಂದವಳೇ ಮಾಡಿದ ಮೊದಲ ಕೆಲಸ ಒಂದು ಶೀಟ್ ತೆರೆದದ್ದು. ದಿನಾಂಕ, ಓಡೋಮೀಟರ್, ಕಡ್ಡಿಯ ಫೋಟೋ, ಹಾಕಿದ ಆಯಿಲ್. ಇಷ್ಟೇ ನಾಲ್ಕು ಕಾಲಂ.

ಅಳತೆಯಲ್ಲಿ ಶಿಸ್ತು ಇರಬೇಕು, ಇಲ್ಲದಿದ್ದರೆ ಶೋರೂಮಿನಲ್ಲಿ ಮೊದಲ ಪ್ರಶ್ನೆಗೇ ಬಿದ್ದುಹೋಗುತ್ತೆ. ಪ್ರತಿ ಸಲ ಒಂದೇ ಸಮತಟ್ಟಾದ ಜಾಗ. ನಮ್ಮ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಕಂಬ ನಂಬರ್ 14ರ ಪಕ್ಕ. ಇಂಜಿನ್ ಬಿಸಿಯಾಗಿ ಓಡಿ ಬಂದು, ಆಫ್ ಮಾಡಿ ಹತ್ತು ನಿಮಿಷ ಆದ ಮೇಲೆ. ಕಡ್ಡಿ ಎಳೆದು ಒರೆಸಿ, ಪೂರ್ತಿ ಒಳಗೆ ಹಾಕಿ, ಮತ್ತೆ ಎಳೆದು ಎರಡೂ ಬದಿ ನೋಡೋದು. ಎರಡು ಬದಿಯಲ್ಲಿ ಬೇರೆ ಬೇರೆ ಮಟ್ಟ ಕಂಡರೆ ಕಡಿಮೆ ಇರೋದನ್ನು ಲೆಕ್ಕಕ್ಕೆ ಹಿಡಿಯಿರಿ. ಎರಡು ಗುರುತುಗಳ ನಡುವಿನ ಅಂತರ ಬಹಳಷ್ಟು ಕಾರುಗಳಲ್ಲಿ ಹತ್ತಿರಹತ್ತಿರ ಒಂದು ಲೀಟರ್, ಸಣ್ಣ ಇಂಜಿನ್‌ಗಳಲ್ಲಿ ಇನ್ನೂ ಕಡಿಮೆ. ಅಂದಾಜು ಬೇಡ ಅಂದರೆ ಅಡುಗೆಮನೆಯ ಡಿಜಿಟಲ್ ತಕ್ಕಡಿ ತನ್ನಿ. ಆಯಿಲ್ ಕ್ಯಾನನ್ನು ಹಾಕೋ ಮುಂಚೆ ಒಂದ್ಸಲ, ಹಾಕಿದ ಮೇಲೆ ಒಂದ್ಸಲ ತೂಗಿ. ಇಂಜಿನ್ ಆಯಿಲ್ 100 ಎಂಎಲ್‌ಗೆ ಸುಮಾರು 85 ಗ್ರಾಂ ತೂಗುತ್ತೆ. (ತಕ್ಕಡಿ ಒರೆಸಿ ವಾಪಸ್ ಇಡಿ. ನಮ್ಮನೇಲಿ ಇದೊಂದು ಪ್ರತ್ಯೇಕ ವಿವಾದವಾಯಿತು.)

ಐನೂರು ಕಿಲೋಮೀಟರಿಗೊಮ್ಮೆ ಮೂರು ಸಲ ಅಳೆದೆ: 170, 190, 180 ಎಂಎಲ್. ಅಂಕಿಗಳು ಒಂದಕ್ಕೊಂದು ಹತ್ತಿರ ಇದ್ದದ್ದೇ ದೊಡ್ಡ ಧೈರ್ಯ. ಒಂದು ದಿನದ ಕಣ್ಣಳತೆಯನ್ನು ಯಾರು ಬೇಕಾದರೂ ತಳ್ಳಿಹಾಕಬಹುದು, ಒಂದೇ ಇಳಿಜಾರಲ್ಲಿ ಇಳಿಯೋ ಗೆರೆಯನ್ನು ತಳ್ಳಿಹಾಕೋದು ಕಷ್ಟ.

ಸರ್ವಿಸ್ ಸೆಂಟರಿನಲ್ಲಿ ಅಡ್ವೈಸರ್ ಮೊದಲು ಕೇಳಿದ್ದು, “ಸರ್ ಬಂದಿಲ್ವಾ ಮೇಡಂ?”

“ಗಾಡಿ ನನ್ನ ಹೆಸರಲ್ಲಿದೆ. ಸರ್ ಮೀಟಿಂಗಲ್ಲಿದಾರೆ. ಹೇಳಿ.”

ಫೋಟೋ ನೋಡಿದ, ಶೀಟ್ ನೋಡಿದ. “ಟರ್ಬೊ ಗಾಡಿ ಮೇಡಂ, ಇಷ್ಟು ನಾರ್ಮಲ್ಲು. ಕಂಪನಿ ಲಿಮಿಟ್ಟೇ ಒಂದು ಲೀಟರ್. ಒಂದು ಕ್ಯಾನ್ ಡಿಕ್ಕೀಲಿ ಇಟ್ಕೊಂಡ್ಬಿಡಿ, ಟೆನ್ಶನ್ ಇಲ್ಲ.”

ಜಗಳ ಆಡೋ ಆಸೆ ಬಂತು ನಿಜ. ಆದರೆ ಆ ಹುಡುಗನೂ ದಿನಕ್ಕೆ ಇಪ್ಪತ್ತು ಗಾಡಿ ನೋಡಬೇಕು, ಅವನ ಕೈಯಲ್ಲಿ ಇಂಜಿನ್ ಬಿಚ್ಚೋ ಅಧಿಕಾರ ಇಲ್ಲ. ಅವನ ಕೈಯಲ್ಲಿ ಇದ್ದದ್ದು ಜಾಬ್ ಕಾರ್ಡ್. ಕೇಳಿದ್ದು ಎರಡೇ. ಒಂದು, ದೂರನ್ನು ನನ್ನ ಮಾತಿನಲ್ಲೇ ಜಾಬ್ ಕಾರ್ಡಿನಲ್ಲಿ ಬರೆಯಿರಿ: ‘ಸಾವಿರ ಕಿಲೋಮೀಟರಿಗೆ 360 ಎಂಎಲ್ ಆಯಿಲ್ ಖರ್ಚು, ಹೊರಗೆ ಸೋರಿಕೆ ಇಲ್ಲ.’ ‘ಜನರಲ್ ಚೆಕಪ್’ ಅಂತ ಬರೆದರೆ ಸೈನ್ ಮಾಡಲ್ಲ ಅಂದೆ. ಎರಡು, ಆಯಿಲ್ ಕನ್ಸಂಪ್ಷನ್ ಟೆಸ್ಟ್ ಮಾಡಿ.

ಈ ಟೆಸ್ಟಿನ ಹೆಸರು ನೆನಪಿಡಿ, ಕೇಳಿದರೆ ಮಾತ್ರ ಮಾಡ್ತಾರೆ. ಹಳೇ ಆಯಿಲ್, ಫಿಲ್ಟರ್ ಬದಲಾಯಿಸಿ, ಮೇಲಿನ ಗುರುತಿಗೆ ಸರಿಯಾಗಿ ತುಂಬಿ, ಆಯಿಲ್ ಹಾಕೋ ಮುಚ್ಚಳ, ಕಡ್ಡಿ, ಕೆಳಗಿನ ಡ್ರೈನ್ ಬೋಲ್ಟ್ ಎಲ್ಲಕ್ಕೂ ಬಣ್ಣದ ಗುರುತೋ ಸ್ಟಿಕರ್ರೋ ಹಾಕಿ ಸೀಲ್ ಮಾಡ್ತಾರೆ. ನೀವು ಎಂದಿನಂತೆ 1000 ಕಿಲೋಮೀಟರ್ ಓಡಿಸಿ ತರಬೇಕು. ಅವರು ಇಳಿಸಿ ಅಳೀತಾರೆ. ಸೀಲ್ ಹಾಕುವಾಗ, ತೆಗೆಯುವಾಗ ಎರಡೂ ಸಲ ನೀವು ಅಲ್ಲಿರಿ, ಫೋಟೋ ತೆಗೀರಿ.

ನಮ್ಮದು 410 ಎಂಎಲ್. ಅಡ್ವೈಸರ್ ಮುಖದಲ್ಲಿ ನಗು. “ನೋಡಿ ಮೇಡಂ, ಪಾಸ್.”

ಒಂದು ಇಮೇಲ್

ಆವತ್ತು ರಾತ್ರಿ ಕಂಪನಿಯ ಕಸ್ಟಮರ್ ಕೇರ್‌ಗೆ ಬರೆದ ಇಮೇಲ್‌ನಲ್ಲಿ ಸಿಟ್ಟಿನ ಒಂದು ವಾಕ್ಯವೂ ಇರಲಿಲ್ಲ. ಶೀಟ್, ಎರಡು ಜಾಬ್ ಕಾರ್ಡ್, ಫೋಟೋಗಳು. ಕೆಳಗೆ ಮೂರು ಪ್ರಶ್ನೆ. ನಿಮ್ಮ ಮಿತಿಯ ಪ್ರಕಾರ 10,000 ಕಿಲೋಮೀಟರಿಗೆ 10 ಲೀಟರ್ ಆಯಿಲ್ ಗ್ರಾಹಕರೇ ತುಂಬಬೇಕೇ? ಹೌದಾದರೆ ನಿಮ್ಮ ಸರ್ವಿಸ್ ವೇಳಾಪಟ್ಟಿಯಲ್ಲಿ, ನಿಮ್ಮ ಆ್ಯಪಿನ ರಿಮೈಂಡರಿನಲ್ಲಿ ಅದು ಯಾಕಿಲ್ಲ? ಈ ಇಂಜಿನ್ ವಾರಂಟಿ ಮುಗಿದ ಮೇಲೆ ಇದೇ ಕಾರಣಕ್ಕೆ ಕೆಟ್ಟರೆ ‘ಇದು ಸಹಜವಾಗಿತ್ತು’ ಅಂತ ಈಗಲೇ ಬರೆದುಕೊಡುತ್ತೀರಾ?

ಮೂರನೇ ಪ್ರಶ್ನೆಗೆ ಉತ್ತರ ಬರಲಿಲ್ಲ. ಆದರೆ ಹತ್ತು ದಿನದಲ್ಲಿ ಕಂಪನಿಯ ಏರಿಯಾ ಟೆಕ್ನಿಕಲ್ ವಿಭಾಗದವರು ಗಾಡಿ ನೋಡೋಕೆ ಬಂದರು. ಮೊದಲು ಪಿಸಿವಿ ವಾಲ್ವ್ ಬದಲಾಯಿಸಿದರು, ಮತ್ತೆ ಸೀಲ್, ಮತ್ತೆ ಸಾವಿರ ಕಿಲೋಮೀಟರ್: 390. ಸ್ಪಾರ್ಕ್ ಪ್ಲಗ್ ತೆಗೆದು ಆ ತೂತಿನಲ್ಲಿ ಸಣ್ಣ ಕ್ಯಾಮೆರಾ ಇಳಿಸಿದಾಗ ಎರಡು ಪಿಸ್ಟನ್ನುಗಳ ತಲೆ ಮೇಲೆ ಒದ್ದೆ ಕಾರ್ಬನ್ ಕಂಡಿತು. ಡಿಸೆಂಬರ್ ಮೊದಲ ವಾರ ಇಂಜಿನ್ ಇಳಿಸಿ ಪಿಸ್ಟನ್, ರಿಂಗ್ ಎಲ್ಲ ವಾರಂಟಿಯಲ್ಲೇ ಬದಲಾಯಿಸಿದರು. ವಾರಂಟಿ ಇಲ್ಲದಿದ್ದರೆ ಎಷ್ಟಾಗುತ್ತಿತ್ತು ಅಂತ ಕೇಳಿ ತೆಗೆಸಿಕೊಂಡ ಎಸ್ಟಿಮೇಟೇ ಆ 1,38,000. ವಾರಂಟಿ ಮುಗಿಯೋಕೆ ಐದು ವಾರ ಬಾಕಿ ಇತ್ತು. ಅದಾದ ಮೇಲಿನ 3000 ಕಿಲೋಮೀಟರಿನಲ್ಲಿ ಖರ್ಚಾದದ್ದು ಒಟ್ಟು 120 ಎಂಎಲ್. ಅದೇ ಇಂಜಿನ್ ವಿನ್ಯಾಸ, ಅದೇ ಸಿಲ್ಕ್ ಬೋರ್ಡ್, ಅದೇ ಡ್ರೈವರ್. 410 ‘ನಾರ್ಮಲ್’ ಆಗಿತ್ತಂತೆ.

ಒಂದು ಟೆಸ್ಟಿಗೆ ಒಂದು ತಿಂಗಳು ಹಿಡಿಯುತ್ತೆ ಅನ್ನೋದನ್ನು ಗಮನಿಸಿ. ಪಾರ್ಟ್ಸ್ ಬರೋಕೆ ಮತ್ತೆರಡು ವಾರ. ಹಾಗಾಗಿ ವಾರಂಟಿಯ ಕೊನೇ ಆರು ತಿಂಗಳು ಬಂತು ಅಂದರೆ ಅಳೆಯೋಕೆ ಶುರುಮಾಡಲೇಬೇಕು. ದೂರು ವಾರಂಟಿ ಒಳಗೇ ದಾಖಲಾಗಿದೆ ಅಂತ ತೋರಿಸೋ ದಿನಾಂಕದ ಕಾಗದ ಕೈಯಲ್ಲಿದ್ದರೆ ಮಾತಿನ ತೂಕವೇ ಬೇರೆ. ವಾರಂಟಿ ವಿಸ್ತರಿಸಿಕೊಳ್ಳೋ ಯೋಚನೆ ಇದ್ದರೆ ಮೂಲ ವಾರಂಟಿ ಮುಗಿಯೋ ಮುಂಚೆಯೇ ಕೊಳ್ಳಿ, ‘ಸವೆತ’ ಅಂತ ಯಾವುದನ್ನೆಲ್ಲ ಹೊರಗಿಟ್ಟಿದ್ದಾರೆ ಓದಿ.

ಕಂಪನಿ ಕಿವಿಗೊಡದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ಎಷ್ಟೋ ವಿಷಯ ಅಲ್ಲಿಗೇ ಮುಗಿಯುತ್ತೆ. ಮುಗಿಯದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ, ನೀವು ಕೊಟ್ಟ ಬೆಲೆ 50 ಲಕ್ಷ ರೂಪಾಯಿವರೆಗಿದ್ದರೆ ಜಿಲ್ಲಾ ಆಯೋಗಕ್ಕೇ ದೂರು ಕೊಡಬಹುದು. ಕಂಪನಿ ಕಚೇರಿ ಎಲ್ಲೇ ಇರಲಿ, ನೀವು ವಾಸವಿರುವ ಅಥವಾ ಕೆಲಸ ಮಾಡುವ ಜಿಲ್ಲೆಯಲ್ಲೇ ಕೊಡಬಹುದು, ಆನ್‌ಲೈನಲ್ಲೂ ಆಗುತ್ತೆ. ದೂರಿಗೆ ಕಾರಣ ಹುಟ್ಟಿದ ಎರಡು ವರ್ಷದೊಳಗೆ ಕೊಡಬೇಕು. ಅಗತ್ಯ ಕಂಡರೆ ವಸ್ತುವನ್ನು ಪ್ರಯೋಗಾಲಯದ ಪರೀಕ್ಷೆಗೆ ಕಳಿಸುವ ಅಧಿಕಾರವೂ ಆಯೋಗಕ್ಕಿದೆ. ಅಲ್ಲಿ ಬೆಲೆ ಬರೋದೂ ಜಾಬ್ ಕಾರ್ಡಿಗೇ.

ಆಫೀಸಿನಲ್ಲಿ ಕೇಳಿದ ಪ್ರಶ್ನೆಗಳು

ಈ ಕಥೆ ಕ್ಯಾಂಟೀನಿನಲ್ಲಿ ಹರಡಿದ ಮೇಲೆ ನಾನು ಅರೆ ಮೆಕ್ಯಾನಿಕ್ ಆಗಿಬಿಟ್ಟಿದ್ದೇನೆ.

ದಪ್ಪ ಆಯಿಲ್ ಹಾಕಿದರೆ ಸರಿಹೋಗಲ್ವಾ? ಸುಡೋದು ಸ್ವಲ್ಪ ಕಡಿಮೆಯಾಗಬಹುದು. ಆದರೆ ಮ್ಯಾನ್ಯುಯಲ್ಲಿನಲ್ಲಿ ಇಲ್ಲದ ಗ್ರೇಡ್ ಹಾಕಿದಿರಿ ಅಂತ ವಾರಂಟಿ ನಿರಾಕರಿಸೋಕೆ ನೀವೇ ಕಾರಣ ಕೊಟ್ಟ ಹಾಗಾಗುತ್ತೆ. ಕೆಲವು ಪುಸ್ತಕಗಳು ಎರಡು ಮೂರು ಗ್ರೇಡ್ ಕೊಟ್ಟಿರುತ್ತವೆ, ಅದರಲ್ಲಿ ಒಂದಾದರೆ ಅಡ್ಡಿಯಿಲ್ಲ. ವಾರಂಟಿ ಮುಗಿದ ಹಳೇ ಗಾಡಿಗೆ ಒಳ್ಳೆ ಮೆಕ್ಯಾನಿಕ್ ಹೇಳಿದರೆ ಅದು ಬೇರೆ ಮಾತು.

ನನ್ನ ಡೀಸೆಲ್ ಗಾಡೀಲಿ ಆಯಿಲ್ ಇಳಿಯೋ ಬದಲು ಏರ್ತಿದೆ! ಖುಷಿಪಡಬೇಡಿ. ಬಿಎಸ್6 ಡೀಸೆಲ್‌ಗಳಲ್ಲಿ ಹೊಗೆಯ ಮಸಿ ಹಿಡಿಯೋ ಫಿಲ್ಟರನ್ನು ಆಗಾಗ ಸುಟ್ಟು ಶುಚಿ ಮಾಡೋಕೆ ಹೆಚ್ಚುವರಿ ಡೀಸೆಲ್ ಸಿಂಪಡಿಸುವ ವ್ಯವಸ್ಥೆ ಇರುತ್ತೆ. ಊರೊಳಗಿನ ಓಡಾಟದಲ್ಲಿ ಅದು ಅರ್ಧಕ್ಕೇ ನಿಂತರೆ ಸುಡದ ಡೀಸೆಲ್ ಗೋಡೆಯಿಂದ ಇಳಿದು ಆಯಿಲ್ ಸೇರುತ್ತೆ. ಪೆಟ್ರೋಲ್ ಟರ್ಬೊಗಳಲ್ಲೂ ಆಗೋದುಂಟು. 2018ರಲ್ಲಿ ಚೀನಾದ ಚಳಿ ಪ್ರದೇಶಗಳಲ್ಲಿ ಹೋಂಡಾ ಸಿಆರ್-ವಿ ಗಾಡಿಗಳ ಆಯಿಲ್ ಮಟ್ಟ ಏರಿ ದೊಡ್ಡ ಸುದ್ದಿಯಾಗಿತ್ತು. ತೆಳುವಾದ ಆಯಿಲ್ ಬೇರಿಂಗ್ ಕಾಯಲ್ಲ. ಕಡ್ಡಿ ಮೂಸಿದಾಗ ಇಂಧನದ ವಾಸನೆ ಬಂದು, ಮಟ್ಟ ಮೇಲಿನ ಗುರುತು ದಾಟಿದ್ದರೆ ಸರ್ವಿಸ್ ದಿನಕ್ಕೆ ಕಾಯದೆ ಬದಲಾಯಿಸಿ.

ಸೆಕೆಂಡ್ ಹ್ಯಾಂಡ್ ತಗೋತಿದೀನಿ, ಹೇಗೆ ಗೊತ್ತಾಗುತ್ತೆ? ಇದನ್ನು ಅಪ್ಪನ ಕಡೆ ದಾಟಿಸಿದೆ. ಮಾರೋರು ಹಿಂದಿನ ರಾತ್ರಿ ಆಯಿಲ್ ತುಂಬಿಸಿರುತ್ತಾರೆ, ಹಾಗಾಗಿ ಕಡ್ಡಿ ಒಂದೇ ಸಾಲದು ಅಂದರು ಅವರು. ಆಯಿಲ್ ಹಾಕೋ ಮುಚ್ಚಳ ತಿರುಗಿಸಿ ಒಳಬದಿ ನೋಡಿ, ಕಪ್ಪು ಗಟ್ಟಿ ಮೆತ್ತಿಕೊಂಡಿದ್ದರೆ ಆಯಿಲ್ ಸರಿಯಾಗಿ ಬದಲಾಗಿಲ್ಲ. ಸ್ಪಾರ್ಕ್ ಪ್ಲಗ್ ಒಂದು ಬಿಚ್ಚಿಸಿ, ತುದಿ ಎಣ್ಣೆಯಲ್ಲಿ ಒದ್ದೆ ಇದ್ದರೆ ಅಲ್ಲಿಗೇ ಬಿಡಿ. ಎಲ್ಲಕ್ಕಿಂತ ಮುಖ್ಯ, ದಿನದ ಮೊದಲ ಸ್ಟಾರ್ಟ್ ನಿಮ್ಮ ಕಣ್ಣೆದುರಿಗೇ ಆಗಬೇಕು, ಒಬ್ಬರು ಸೈಲೆನ್ಸರ್ ಹಿಂದೆ ನಿಂತಿರಬೇಕು. ಹೋದ ತಕ್ಷಣ ಬಾನೆಟ್ ಮೇಲೆ ಕೈಯಿಟ್ಟು ನೋಡಿ. ಬೆಚ್ಚಗಿದ್ದರೆ ‘ಇನ್ನೊಂದು ದಿನ ಬರ್ತೀನಿ’ ಅಂತ ಹೇಳಿ ಹೊರಟುಬಿಡಿ.